ಮಗ ಕಾಲೇಜಿಗೆ ಹೋಗ್ತಿಲ್ಲ, ಓದು ಬಿಡಿಸಬೇಕಾ?

ಪ್ರಶ್ನೆ: ನಮ್ಮದು ಮಂಡ್ಯ. ಮಗ ಮೈಸೂರಲ್ಲಿ ಡಿಗ್ರಿ ಎರಡನೇ ವರ್ಷ, ದಿನಾ ರೈಲಲ್ಲಿ ಹೋಗಿಬರುತ್ತಿದ್ದ. ಎರಡು ತಿಂಗಳಿಂದ ನಿಲ್ಲಿಸಿದ್ದಾನೆ. ಡಾಕ್ಟರು ಡಿಪ್ರೆಶನ್ ಅಂತ ಮಾತ್ರೆ ಕೊಟ್ಟು ಮೂರು ವಾರವಾಯಿತು. ಈಗ ನಿದ್ದೆ ಮಾಡುತ್ತಾನೆ, ಉಣ್ಣುತ್ತಾನೆ, ಪುಸ್ತಕ ಮಾತ್ರ ಮುಟ್ಟಲ್ಲ. ಓದು ಬಿಡಿಸಿ ಕೆಲಸಕ್ಕೆ ಹಾಕೋಣವೇ?

ಉತ್ತರ: ಈಗಲೇ ಆ ತೀರ್ಮಾನ ಬೇಡ. ಖಿನ್ನತೆ ಇಳಿಯುವಾಗ ಎಲ್ಲವೂ ಒಟ್ಟಿಗೆ ಸರಿಹೋಗುವುದಿಲ್ಲ. ನಿದ್ದೆ, ಹಸಿವು ಬೇಗ ಸುಧಾರಿಸಬಹುದು. ಗಮನ, ನೆನಪು, ಒಂದು ಕೆಲಸ ಶುರುಮಾಡುವ ಶಕ್ತಿ ಬಹಳ ಜನರಲ್ಲಿ ಕಡೆಗೆ ಬರುತ್ತವೆ. ‘ಉಣ್ತಾನೆ, ಮಲಗ್ತಾನೆ, ಓದೋಕೆ ಮಾತ್ರ ಕಳ್ಳಾಟ’ ಎಂದು ಮನೆಯವರಿಗೆ ಅನ್ನಿಸುವುದು ಈ ಹಂತದಲ್ಲೇ. ಅದು ಕಳ್ಳಾಟವಲ್ಲ, ಕಾಯಿಲೆಯ ಉಳಿಕೆ. ಕೆಲಸಕ್ಕೆ ಹಾಕಿದರೆ ಅಲ್ಲೂ ಅದೇ ಗಮನ ಬೇಕು.

ಮಾತ್ರೆ ಪೂರ್ತಿ ಹಿಡಿಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ದಿನಗಳ ಹೊಟ್ಟೆ ತೊಳಸು, ತಲೆನೋವಿಗೆ ಹೆದರಿ ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ. ಇನ್ನು ಕೆಲವರು ಗುಣ ಕಂಡ ಕೂಡಲೇ ಬಿಡುತ್ತಾರೆ. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸದಿದ್ದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಆರು ವಾರವಾದರೂ ಬದಲಾವಣೆ ಕಾಣದಿದ್ದರೆ ಡೋಸ್ ಅಥವಾ ಮಾತ್ರೆ ಬದಲಿಸುವುದು ಡಾಕ್ಟರ ಕೆಲಸ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಗಿದೆಯೇ ಎಂದೂ ಕೇಳಿ.

ಇಪ್ಪತ್ತೈದರೊಳಗಿನವರಲ್ಲಿ ಮಾತ್ರೆ ಶುರುವಾದ ಅಥವಾ ಡೋಸ್ ಬದಲಾದ ಮೊದಲ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚುವುದುಂಟು. ‘ಸಾಯಬೇಕು ಅನ್ಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬನನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಗದ್ದೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆಡೆಗೆ ಸಾಗಿಸಿ, ಅವನ ಮಾತ್ರೆಗಳನ್ನೂ ನೀವೇ ಇಟ್ಟುಕೊಂಡು ಕೊಡಿ.

ಹಾಗಂತ ಪೂರ್ತಿ ಗುಣವಾಗಲಿ ಎಂದು ಕೋಣೆಯಲ್ಲೇ ಕೂರಿಸುವುದೂ ಸರಿಯಲ್ಲ. ಹೊರಗೆ ಹೋಗದಷ್ಟೂ ಹೊರಗೆ ಹೋಗುವುದು ಕಷ್ಟವಾಗುತ್ತದೆ. ಉತ್ಸಾಹ ಬಂದ ಮೇಲೆ ಕೆಲಸ ಎಂದು ಕಾಯಬೇಡಿ. ಸಣ್ಣ ಕೆಲಸ ಮಾಡುತ್ತಾ ಮಾಡುತ್ತಾ ಉತ್ಸಾಹ ಬರುತ್ತದೆ. ಮೊದಲ ವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಬಿಸಿಲಲ್ಲಿ ಅರ್ಧ ಗಂಟೆ ನಡಿಗೆ, ಹತ್ತು ನಿಮಿಷ ಓದು. ಹತ್ತು ನಿಮಿಷವಾದ ಮೇಲೆ ಪುಸ್ತಕ ಮುಚ್ಚಲಿ, ಇನ್ನೂ ಓದುವೆನೆಂದರೂ ಬೇಡ. ಒಂದು ದಿನ ಜಾಸ್ತಿ ಮಾಡಿ ಮರುದಿನ ಸುಸ್ತಾಗಿ ಬಿದ್ದುಕೊಳ್ಳುವುದೇ ಇಲ್ಲಿ ದೊಡ್ಡ ಅಡ್ಡಿ. ಆಮೇಲೆ ಗೆಳೆಯನೊಬ್ಬನ ಜೊತೆ ಬರೀ ರೈಲಲ್ಲಿ ಮೈಸೂರಿಗೆ ಹೋಗಿ ಬರಲಿ. ಮುಂದಿನ ವಾರ ಅವನಿಗೆ ಹಗುರವೆನಿಸುವ ಒಂದೇ ಕ್ಲಾಸು. ಮುಂಜಾನೆ ಮನಸ್ಸು ತೀರಾ ಭಾರವಿದ್ದರೆ ಮಧ್ಯಾಹ್ನದ ಕ್ಲಾಸೇ ಇರಲಿ.

ಅಷ್ಟರೊಳಗೆ ನೀವು ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರನ್ನು ಕಾಣಿ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು, ಹಾಜರಾತಿಯಲ್ಲಿ ವಿನಾಯಿತಿ ಸಿಗುತ್ತದೆಯೇ, ಈ ಸೆಮಿಸ್ಟರ್ ಬಿಟ್ಟು ಮುಂದೆ ಸೇರಲು ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಪರೀಕ್ಷೆ ಶುಲ್ಕ ಕಟ್ಟುವ ಕೊನೇ ದಿನ ದಾಟುವ ಮುಂಚೆ ಇದಾಗಬೇಕು. ಎಲ್ಲ ವಿಷಯಕ್ಕೂ ಕೂರಬೇಕಿಲ್ಲ, ಎರಡು ಪೇಪರ್ ಬರೆದರೂ ಸಾಕು.

ಚಿಕಿತ್ಸೆಗೆ ದುಡ್ಡಿನ ತೊಂದರೆಯಿದ್ದರೆ ಸರ್ಕಾರಿ ಆಸ್ಪತ್ರೆಗಳಾದ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಮನೋರೋಗ ವಿಭಾಗವಿದೆ. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.