ಶೇವರ್ ಕೊಳ್ಳುವ ಮುನ್ನ ಹೆಡ್ ನಂಬರ್ ಕೇಳಿ

ಬೆಂಗಳೂರಿನ ಎಸ್.ಪಿ. ರಸ್ತೆಯ ನಮ್ಮ ರಿಪೇರಿ ಅಂಗಡಿಗೆ ಕೆಟ್ಟ ಶೇವರ್ ಹಿಡಿದು ಬರುವವರು ಎಷ್ಟಿದ್ದಾರೋ, ಮೊಬೈಲಿನಲ್ಲಿ ಎರಡು ಫೋಟೊ ತೆರೆದುಕೊಂಡು ಬರುವವರೂ ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. "ಸರ್, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ? ನೋಡೋಕೆ ಒಂದೇ ಥರ ಇದೆ, ಇದಕ್ಕೆ ಎರಡು ಸಾವಿರ ಜಾಸ್ತಿ" ಎನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಮಾತು: ಆ ಎರಡಕ್ಕೂ ಕೂರುವ ಬದಲಿ ಹೆಡ್ ಯಾವ ನಂಬರಿನದು?

ಗಡ್ಡ ತೆಗೆಯುವ ಕೆಲಸವೆಲ್ಲ ಶೇವರಿನ ಮೇಲ್ತುದಿಯ ಒಂದಿಂಚಿನಲ್ಲಿ, ಅಂದರೆ ಹೆಡ್ಡಿನಲ್ಲಿ, ನಡೆಯುತ್ತದೆ. ಅದರ ಕೆಳಗಿರುವುದು ಮೋಟಾರು, ಬ್ಯಾಟರಿ, ಒಂದು ಸಣ್ಣ ಬೋರ್ಡು, ಇವನ್ನು ಮುಚ್ಚುವ ಪ್ಲಾಸ್ಟಿಕ್ಕು. ಒಂದೇ ಕಂಪನಿಯ ಎರಡು ಮಾಡೆಲ್‌ಗೆ ಒಂದೇ ನಂಬರಿನ ಹೆಡ್ ಕೂರುತ್ತದೆ ಎಂದಾದರೆ, ಹೆಡ್ ಸವೆದು ಹೊಸದು ಹಾಕಿದ ದಿನದಿಂದ ಎರಡರ ಅಲಗೂ ಒಂದೇ. ಫಿಲಿಪ್ಸ್‌ನ ಎಸ್‌ಎಚ್71 ಹೆಡ್ಡನ್ನೇ ನೋಡಿ. ಅದು ಈಚಿನ 5000 ಸೀರೀಸ್‌ಗೂ ಕೂರುತ್ತದೆ, 7000 ಸೀರೀಸ್‌ಗೂ ಕೂರುತ್ತದೆ. ಹಾಗಾದರೆ ಹೆಚ್ಚಿನ ದುಡ್ಡು ಯಾವುದಕ್ಕೆ? ಹೆಡ್ ಎಷ್ಟು ದಿಕ್ಕಿಗೆ ಬಾಗುತ್ತದೆ, ಹೊರಗಿನ ಉಂಗುರಕ್ಕೆ ನುಣುಪು ಲೇಪನ ಇದೆಯೋ ಇಲ್ಲವೋ, ಗಡ್ಡ ದಟ್ಟವಾದ ಕಡೆ ಮೋಟಾರು ತಾನೇ ಜೋರಾಗುತ್ತದೆಯೋ ಇಲ್ಲವೋ, ಇಂಥವುಗಳಿಗೆ. ಚರ್ಮ ಬೇಗ ಕೆಂಪಾಗುವವರಿಗೆ ಇವುಗಳಲ್ಲಿ ಒಂದೆರಡು ಉಪಯೋಗಕ್ಕೆ ಬರುತ್ತವೆ. ಉಳಿದವರು ಆ ದುಡ್ಡನ್ನು ಉಳಿಸಿಕೊಂಡು ಮುಂದೆ ಎರಡು ಸಲ ಹೆಡ್ ಬದಲಿಸುವುದು ಮೇಲು.

ಬ್ರೌನ್ ಮಾಡೆಲ್‌ಗಳ ಹೆಸರಿನ ಕೊನೆಯಲ್ಲಿ ಬರುವ 'ಸಿಸಿ' ಎಂದರೆ ತೊಳೆದು ಚಾರ್ಜ್ ಮಾಡುವ ಸ್ಟ್ಯಾಂಡು ಜೊತೆಗಿದೆ ಎಂದು. ಬರೀ 'ಎಸ್' ಇದ್ದರೆ ಸಾಮಾನ್ಯವಾಗಿ ಶೇವರ್ ಒಂದೇ. 9290ಸಿಸಿ, 9293ಎಸ್ ಎರಡಕ್ಕೂ 92 ನಂಬರಿನ ಕ್ಯಾಸೆಟ್ಟೇ (ಬ್ರೌನ್ ತನ್ನ ಹೆಡ್ಡನ್ನು ಕರೆಯುವುದು ಹೀಗೆ). ಆ 92ರ ಮುಂದೆ ಎಸ್ ಅಥವಾ ಬಿ ಎಂದು ಬರೆದಿರುವುದು ಬೆಳ್ಳಿ ಬಣ್ಣವೋ ಕಪ್ಪೋ ಎಂದು ತಿಳಿಸಲು ಮಾತ್ರ. ಪ್ಯಾನಸೋನಿಕ್‌ನ ಎಲ್‌ವಿ65, ಎಲ್‌ವಿ95 ಜೋಡಿಯಲ್ಲಿ ಎರಡನೆಯದಕ್ಕೆ ತೊಳೆಯುವ ಸ್ಟ್ಯಾಂಡು ಸೇರಿದೆ, ಅಷ್ಟೆ. ಫಿಲಿಪ್ಸ್‌ನ ಮಾಡೆಲ್ ನಂಬರಿನಲ್ಲಿ ಓರೆಗೆರೆಯ (/) ಆಚೆ ಬರುವ ಎರಡಂಕಿ ಆ ಡಬ್ಬದಲ್ಲಿ ಏನೇನು ಇಟ್ಟಿದ್ದಾರೆ, ಯಾವ ದೇಶದ ಮಾರುಕಟ್ಟೆಗೆ ಎಂಬುದಕ್ಕೆ ಸಂಬಂಧಿಸಿದ್ದು. ಆ ಎರಡಂಕಿ ಬೇರೆ ಇದೆ ಎಂದು ರಾತ್ರಿಯೆಲ್ಲ ಕೂತು ಹೋಲಿಸುವವರನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ನಿಜವಾಗಿ ಯೋಚಿಸಬೇಕಾದ ವಿಷಯ ಇದಕ್ಕಿಂತ ಮೊದಲೇ ಇದೆ.

ಅದು ನಿಮ್ಮ ಗಡ್ಡದ ರೂಢಿ. ದಿನಾ ಬೆಳಿಗ್ಗೆ ಶೇವ್ ಮಾಡುತ್ತೀರೋ, ಮೂರು ನಾಲ್ಕು ದಿನಕ್ಕೊಮ್ಮೆಯೋ? ಗಡ್ಡ ದಿನಕ್ಕೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಬೆಳೆಯುತ್ತದೆ. ಫಾಯಿಲ್ ಶೇವರಿನಲ್ಲಿ ತೂತು ತೂತಾದ ತೆಳು ಜಾಲರಿಯ ಕೆಳಗೆ ಬ್ಲೇಡು ಅತ್ತಿಂದಿತ್ತ ಓಡುತ್ತದೆ. ತೂತಿನೊಳಗೆ ನೆಟ್ಟಗೆ ನುಗ್ಗುವ ಗಿಡ್ಡ ಕೂದಲನ್ನು ಅದು ಬುಡಕ್ಕೆ ಹತ್ತಿರವಾಗಿ ಕತ್ತರಿಸುತ್ತದೆ. ಮೂರು ದಿನದ ಗಡ್ಡ ಮಲಗಿರುತ್ತದೆ, ತೂತಿಗೆ ಸಿಗುವುದಿಲ್ಲ. ಆಗ ನೀವು ಒತ್ತುತ್ತೀರಿ, ಒತ್ತಿದರೆ ಚರ್ಮ ಉರಿಯುತ್ತದೆ. ರೋಟರಿಯಲ್ಲಿ ಮೂರು ದುಂಡು ಹೆಡ್‌ಗಳಿಗೆ ಉದ್ದನೆಯ ಸೀಳುಗಳಿರುವುದರಿಂದ ಮಲಗಿದ ಕೂದಲೂ ಸಿಗುತ್ತದೆ, ಕುತ್ತಿಗೆಯ ಮೇಲೆ ನಾನಾ ದಿಕ್ಕಿಗೆ ಬೆಳೆದದ್ದೂ ಸಿಗುತ್ತದೆ. ಎರಡೂ ಹಳೆಯ ವಿದ್ಯೆಗಳೇ: ಫಿಲಿಪ್ಸ್ ರೋಟರಿ ತಂದದ್ದು 1939ರಲ್ಲಿ, ಬ್ರೌನ್‌ನ ಮೊದಲ ಫಾಯಿಲ್ ಶೇವರ್ ಬಂದದ್ದು 1950ರಲ್ಲಿ. ಇಷ್ಟು ವರ್ಷ ಎರಡೂ ಉಳಿದಿರುವುದು ಎರಡು ಬಗೆಯ ಗಡ್ಡಕ್ಕೆ ಎರಡೂ ಬೇಕಾಗಿರುವುದರಿಂದ.

ಸೋಮವಾರದಿಂದ ಶುಕ್ರವಾರ ಆಫೀಸಿಗೆ ಹೋಗುವವರು, ಪೊಲೀಸರು, ಹೋಟೆಲ್ ಫ್ರಂಟ್ ಆಫೀಸಿನವರು ಫಾಯಿಲ್ ನೋಡಿ. ಮನೆಯಿಂದಲೇ ಕೆಲಸ ಮಾಡುತ್ತ ಮೀಟಿಂಗ್ ಇದ್ದ ದಿನ ಮಾತ್ರ ಗಡ್ಡ ತೆಗೆಯುವವರಿಗೆ ರೋಟರಿ ಸರಿ. ಗಡ್ಡ ಬಿಟ್ಟು ಅಂಚು ಮಾತ್ರ ತಿದ್ದಿಕೊಳ್ಳುವವರಿಗೆ ಇವೆರಡೂ ಬೇಡ, ಟ್ರಿಮ್ಮರ್ ಸಾಕು. ಶೇವರ್ ಕೇಳಿಕೊಂಡು ಬಂದು ಟ್ರಿಮ್ಮರ್ ಕೊಂಡು ಹೋದವರು ನಮ್ಮಲ್ಲಿ ಬಹಳ ಜನ.

ಬ್ಯಾಟರಿ ವಿಷಯದಲ್ಲಿ ಮಾತ್ರ ನಾನು ಹೆಚ್ಚಿನ ದುಡ್ಡು ಕೊಡಿ ಎನ್ನುತ್ತೇನೆ. ಕಡಿಮೆ ಬೆಲೆಯ ಮಾಡೆಲ್‌ಗಳನ್ನು ಬಿಚ್ಚಿದರೆ ಎಷ್ಟೋ ಸಲ ಒಳಗೆ ಗೋಡೆ ಗಡಿಯಾರದ ಸೆಲ್ಲಿನ ಗಾತ್ರದ, 1.2 ವೋಲ್ಟಿನ ನಿಕ್ಕಲ್ ಸೆಲ್ಲು ಸಿಗುತ್ತದೆ. ಡಬ್ಬದ ಮೇಲೆ 'ಚಾರ್ಜ್ ಸಮಯ 8 ಗಂಟೆ' ಎಂದಿದ್ದರೆ ಒಳಗೆ ಇಂಥದ್ದೇ ಇದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಚಾರ್ಜು ಇಳಿಯುತ್ತ ಬಂದಂತೆ ಮೋಟಾರಿನ ವೇಗವೂ ಇಳಿಯುತ್ತದೆ. ನಿಧಾನವಾಗಿ ತಿರುಗುವ ಬ್ಲೇಡು ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ. "ಹೊಸದರಲ್ಲಿ ಚೆನ್ನಾಗಿತ್ತು, ಈಗ ಕೀಳ್ತದೆ ಸರ್" ಎಂಬ ದೂರಿನ ಹಿಂದೆ ಹಲವು ಸಲ ಬ್ಲೇಡಿನ ತಪ್ಪು ಇರುವುದಿಲ್ಲ, ಸೆಲ್ಲು ಸತ್ತಿರುತ್ತದೆ. ಲಿಥಿಯಂ ಬ್ಯಾಟರಿಯದು ಸಾಮಾನ್ಯವಾಗಿ ಒಂದು ಗಂಟೆಯಲ್ಲಿ ತುಂಬುತ್ತದೆ, ಕೊನೆಯವರೆಗೂ ವೇಗ ಹೆಚ್ಚು ಬೀಳುವುದಿಲ್ಲ, ಐದು ನಿಮಿಷ ಚಾರ್ಜಿಗೆ ಹಾಕಿದರೆ ಒಂದು ಶೇವ್ ಆಗುವ ಮಾಡೆಲ್‌ಗಳೂ ಇವೆ. ಎರಡು ಮಾಡೆಲ್‌ಗೆ ಹೆಡ್ ಒಂದೇ ಆಗಿದ್ದು ಬ್ಯಾಟರಿ ಬೇರೆ ಆಗಿದ್ದರೆ ಲಿಥಿಯಂ ಇರುವುದನ್ನೇ ತೆಗೆದುಕೊಳ್ಳಿ. ಪರ್ಸೆಂಟ್ ತೋರಿಸುವ ಡಿಸ್‌ಪ್ಲೇ, ಚರ್ಮದ ಚೀಲ, ಮೂಗಿನ ಕೂದಲಿನ ಟ್ರಿಮ್ಮರ್, ಇವಕ್ಕಾಗಿ ಮೇಲಿನ ಮಾಡೆಲ್‌ಗೆ ಹೋಗಬೇಕಿಲ್ಲ.

ನೀರಿನಲ್ಲೂ ಬಳಸಬಹುದಾದ 'ವೆಟ್ ಅಂಡ್ ಡ್ರೈ' ಮಾಡೆಲ್‌ಗಳ ಬಗ್ಗೆ ಒಂದು ಮಾತು ಅಂಗಡಿಯವರು ಹೇಳುವುದೇ ಇಲ್ಲ. ಇವುಗಳಲ್ಲಿ ಬಹುಪಾಲು ಶೇವರ್‌ಗಳು ವಯರು ಚುಚ್ಚಿರುವಾಗ ಆನ್ ಆಗುವುದಿಲ್ಲ. ಒದ್ದೆ ಕೈಯಲ್ಲಿ ಕರೆಂಟಿನ ಜೊತೆ ಬಳಸಬಾರದೆಂದು ಹಾಗೇ ಮಾಡಿರುತ್ತಾರೆ, ಅದು ದೋಷವಲ್ಲ. ಇದು ಗೊತ್ತಿಲ್ಲದೆ "ಚಾರ್ಜಿಗೆ ಹಾಕಿದರೂ ಓಡ್ತಿಲ್ಲ" ಎಂದು ಯಲಹಂಕದಿಂದ ಬಸ್ಸು ಹತ್ತಿ ಬಂದವರಿದ್ದಾರೆ.

ಹೆಡ್ಡಿನ ಆಯುಸ್ಸಿಗೆ ಬರೋಣ. ಹೆಡ್ ಬದಲಿಸಲು ಫಿಲಿಪ್ಸ್ ಎರಡು ವರ್ಷ ಎನ್ನುತ್ತದೆ, ಬ್ರೌನ್ ಹದಿನೆಂಟು ತಿಂಗಳು, ಪ್ಯಾನಸೋನಿಕ್ ಹೊರಗಿನ ಫಾಯಿಲ್‌ಗೆ ಒಂದು ವರ್ಷ, ಒಳಗಿನ ಬ್ಲೇಡಿಗೆ ಎರಡು ವರ್ಷ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಹೆಡ್ಡಿನ ಬೆಲೆಯೇ ಶೇವರಿನ ಬೆಲೆಯ ಅರ್ಧ ದಾಟುತ್ತದೆ. ಅದಕ್ಕಾಗಿ ಶೇವರಿನ ಬೆಲೆಗೆ ಎರಡು ಹೆಡ್ಡಿನ ಬೆಲೆ ಕೂಡಿಸಿ ನೋಡಿ. ಮೂರು ಸಾವಿರದ ಶೇವರಿಗೆ ಎರಡು ಸಾವಿರದ ಹೆಡ್ ಆದರೆ ಒಟ್ಟು ಏಳು ಸಾವಿರ. ನಾಲ್ಕು ಸಾವಿರದ ಶೇವರಿಗೆ ಸಾವಿರದಿನ್ನೂರರ ಹೆಡ್ ಆದರೆ ಆರು ಸಾವಿರದ ನಾನೂರು. ಅಗ್ಗ ಎನಿಸಿದ್ದು ಹೀಗೆ ದುಬಾರಿಯಾಗುತ್ತದೆ. ಇನ್ನು ಹೆಡ್ಡೇ ಸಿಗದ ಶೇವರ್‌ಗಳಿವೆ. ಆನ್‌ಲೈನ್ ಆಫರಿನಲ್ಲಿ ಬರುವ, ಹೆಸರು ಕೇಳದ ಬ್ರ್ಯಾಂಡಿನ ಶೇವರಿನ ಹೆಡ್ ಸವೆದ ಮೇಲೆ ಬದಲಿ ಹೆಡ್ ಎಸ್.ಪಿ. ರಸ್ತೆಯಲ್ಲೂ ಸಿಗುವುದಿಲ್ಲ, ನ್ಯಾಷನಲ್ ಮಾರ್ಕೆಟ್ಟಿನಲ್ಲೂ ಸಿಗುವುದಿಲ್ಲ. ಮೋಟಾರು ಗಟ್ಟಿಮುಟ್ಟಾಗಿರುವ ಮಿಷನ್ನನ್ನು ಬರೀ ಒಂದು ಜಾಲರಿ ಇಲ್ಲದೆ ಬಿಸಾಡಿ ಎಂದು ಹೇಳಲು ನನಗೆ ಸಂಕಟವಾಗುತ್ತದೆ.

ಫಾಯಿಲ್ ಸವೆದಿದೆಯೇ ಎಂದು ತಿಳಿಯಲು ಅದನ್ನು ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಎಲ್ಲ ತೂತೂ ಅಚ್ಚುಕಟ್ಟಾಗಿ ಕಾಣಬೇಕು. ಎರಡು ತೂತು ಸೇರಿ ಒಂದಾಗಿರುವ ಜಾಗ ಕಂಡರೆ ಅಂದಿನಿಂದಲೇ ಬಳಸಬೇಡಿ. ಆ ಹರಕಿನ ಒಳಗೆ ಚರ್ಮ ಹೋಗಿ ಬ್ಲೇಡಿಗೆ ಸಿಗುತ್ತದೆ. ರೋಟರಿಯ ಕಥೆ ಬೇರೆ. ಅದರ ಒಂದೊಂದು ಬ್ಲೇಡೂ ತನ್ನ ಮೇಲಿನ ಬಟ್ಟಲಿನ ಜೊತೆ ಉಜ್ಜಿ ಉಜ್ಜಿ ಹದವಾಗಿ ಕೂತಿರುತ್ತದೆ. ಮೂರನ್ನೂ ಒಟ್ಟಿಗೆ ಬಿಚ್ಚಿ ತೊಳೆದು ಅದಲುಬದಲು ಮಾಡಿ ಹಾಕಿದರೆ ಆ ಹದ ಹೋಗುತ್ತದೆ, ಮತ್ತೆ ಕೂರಲು ವಾರಗಟ್ಟಲೆ ಬೇಕು. ಒಂದನ್ನು ಬಿಚ್ಚಿ ತೊಳೆದು ಹಾಕಿ, ಆಮೇಲೆ ಮುಂದಿನದನ್ನು ಬಿಚ್ಚಿ.

ತೊಳೆಯುವ ನೀರಿನ ವಿಚಾರ ಬೆಂಗಳೂರಿನವರು ವಿಶೇಷವಾಗಿ ಗಮನಿಸಬೇಕು. ಕಾವೇರಿ ನೀರು ಬರುವ ಬಡಾವಣೆಗಳ ಶೇವರಿಗೂ ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟುಗಳ ಶೇವರಿಗೂ ಇರುವ ವ್ಯತ್ಯಾಸ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಗಡಸು ನೀರಿನಲ್ಲಿ ತೊಳೆದ ಫಾಯಿಲ್ ಒಳಗೆ ಸುಣ್ಣದಂಥ ಬಿಳಿ ಪುಡಿ ಕಟ್ಟಿ, ಅದರಲ್ಲಿ ಕೂದಲ ಹುಡಿ ಕಲೆತು ಗಾರೆಯಂತೆ ಗಟ್ಟಿಯಾಗಿರುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ಮಾಡಿದ ಯೋಜನೆ ಅದು. ಆದರೂ ಬೋರ್‌ವೆಲ್ಲನ್ನೇ ನಂಬಿದ ಮನೆಗಳು ಇನ್ನೂ ಬೇಕಾದಷ್ಟಿವೆ. ಅಂಥವರು ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಅದ್ದಿ ತೆಗೆದು, ಹೆಡ್ ಬಿಚ್ಚಿಟ್ಟು ಒಣಗಿಸಿ. ಸೋಪು ಹಾಕಿ ತೊಳೆಯುವವರು ವಾರಕ್ಕೊಮ್ಮೆ ಫಾಯಿಲ್ ಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಡಿ. ಕೊಬ್ಬರಿ ಎಣ್ಣೆ ಬೇಡ, ಜಿಗುಟು ಕಟ್ಟುತ್ತದೆ.

ತೊಳೆಯುವ ಸ್ಟ್ಯಾಂಡು ಇರುವ ಮಾಡೆಲ್‌ಗೆ ಹೋಗಬೇಕೇ ಎಂದರೆ, ತೊಳೆಯಲು ಬೇಸರಪಡುವವರಿಗೆ, ಗಡಸು ನೀರಿನವರಿಗೆ ಅದು ಒಳ್ಳೆಯದೇ. ಬ್ರೌನ್‌ನ ದ್ರವದಲ್ಲಿ ಆಲ್ಕೋಹಾಲ್ ಇರುವುದರಿಂದ ಹೆಡ್ ಒಣಗಿ ಶುಚಿಯಾಗಿರುತ್ತದೆ. ಆದರೆ ಆ ದ್ರವ ಸುಮ್ಮನಿಟ್ಟರೂ ಆರಿಹೋಗುತ್ತದೆ. ಒಂದು ಡಬ್ಬಿ ಸುಮಾರು ಮೂವತ್ತು ಸಲಕ್ಕೆ ಬರುತ್ತದೆ, ಬಳಸದಿದ್ದರೂ ಎಂಟು ವಾರಕ್ಕೆ ಬದಲಿಸಬೇಕು. ಮತ್ತೆ ಮತ್ತೆ ಬರುವ ಖರ್ಚು ಇದು.

ಅಮೆರಿಕದಿಂದ ಮಗನೋ ಅಳಿಯನೋ ತಂದ ಶೇವರ್ ಇದ್ದರೆ ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿ. 100–240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸಿಕೊಂಡರೆ ಸಾಕು. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಹಾಕಲೇಬೇಡಿ. ಅಲ್ಲಿ 'ನೊರೆಲ್ಕೊ' ಎಂಬ ಹೆಸರು ಸೇರಿಸಿ ಮಾರುವುದು ಫಿಲಿಪ್ಸ್ ಶೇವರನ್ನೇ. ಹೆಡ್ ನಂಬರ್ ಹೊಂದಿದರೆ ಇಲ್ಲಿಯದೇ ಕೂರುತ್ತದೆ. ಅಮೆರಿಕದ ಅಡಾಪ್ಟರಿಗಿಂತ ಹೆಚ್ಚಾಗಿ ಶೇವರ್‌ಗಳು ಹಾಳಾಗುವುದು ಮನೆಯಲ್ಲಿದ್ದ ಇನ್ಯಾವುದೋ ಚಾರ್ಜರ್ ಚುಚ್ಚುವುದರಿಂದ. ಒಂದೇ ಕಂಪನಿಯಲ್ಲಿ 15 ವೋಲ್ಟಿನದು, 8 ವೋಲ್ಟಿನದು, 4.3 ವೋಲ್ಟಿನದು ಎಲ್ಲ ಇವೆ, ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಔಟ್‌ಪುಟ್ ಎಂದು ಬರೆದಿರುವ ಅಂಕೆ ಹೊಂದದಿದ್ದರೆ ಬೋರ್ಡು ಸುಟ್ಟುಹೋಗಬಹುದು, ಬೋರ್ಡು ಸುಟ್ಟರೆ ರಿಪೇರಿಯ ಖರ್ಚು ಗಿಟ್ಟುವುದಿಲ್ಲ. ಯುಎಸ್‌ಬಿಯಿಂದ ಚಾರ್ಜ್ ಆಗುವ ಹೊಸ ಮಾಡೆಲ್‌ಗಳು ಈ ತೊಂದರೆಯನ್ನು ಬಹಳ ಮಟ್ಟಿಗೆ ತಪ್ಪಿಸುತ್ತವೆ, ಉಳಿದೆಲ್ಲ ಸಮನಾಗಿದ್ದರೆ ಅಂಥದ್ದು ಆರಿಸಿ.

ಹೆಡ್ ಕೊಳ್ಳುವಾಗ ಡೂಪ್ಲಿಕೇಟ್ ಬಗ್ಗೆ ಹುಷಾರು. ಡಬ್ಬದ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ಆಮದುದಾರರ ಹೆಸರು ವಿಳಾಸ ಇರಲೇಬೇಕೆಂಬುದು ಕಾನೂನು. ಅದಿಲ್ಲದ ಡಬ್ಬ ಎಷ್ಟು ಅಗ್ಗವಾದರೂ ಬೇಡ. ಡೂಪ್ಲಿಕೇಟ್ ಹೆಡ್ಡಿನ ಸೀಳಿನ ಮೇಲೆ ಉಗುರು ಎಳೆದರೆ ತರಿ ತರಿ ಹತ್ತುತ್ತದೆ, ಓಡಿಸಿದ ಸ್ವಲ್ಪ ಹೊತ್ತಿಗೆ ಬಿಸಿಯಾಗುತ್ತದೆ.

ಹೊಸ ಶೇವರ್ ತಂದ ಮೊದಲ ವಾರದಲ್ಲೇ ಬೇಸತ್ತು ವಾಪಸು ತರಬೇಡಿ. ರೇಜರಿಗೆ ಒಗ್ಗಿದ ಚರ್ಮ ಇದಕ್ಕೆ ಹೊಂದಲು ಎರಡು ಮೂರು ವಾರ ಬೇಕು. ಫಾಯಿಲ್ ಅನ್ನು ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ನೆಟ್ಟಗೆ ಎಳೆಯಿರಿ, ರೋಟರಿಯನ್ನು ಸಣ್ಣ ಸುತ್ತುಗಳಲ್ಲಿ ಆಡಿಸಿ. ರೇಜರಿನಷ್ಟು ನುಣುಪು ಇದರಲ್ಲಿ ಬರುವುದಿಲ್ಲ. ಕೂದಲು ಒಳಮುಖವಾಗಿ ಬೆಳೆದು ಗುಳ್ಳೆ ಏಳುವವರಿಗೆ ಆ ಚೂರು ಕಡಿಮೆ ನುಣುಪೇ ಒಳ್ಳೆಯದು, ಕೂದಲು ಚರ್ಮದ ಕೆಳಗೆ ತುಂಡಾಗುವುದಿಲ್ಲ.

ವಯಸ್ಸಾದವರಿಗೆ ಕೊಳ್ಳುವಾಗ ಈ ಲೆಕ್ಕಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬ್ಲೇಡು ಬಿಟ್ಟು ಎಲೆಕ್ಟ್ರಿಕ್ ಶೇವರ್ ಬಳಸಿ ಎಂದು ಡಾಕ್ಟರುಗಳೇ ಹೇಳುತ್ತಾರೆ. ಈಚೆಗೆ ಬಸವನಗುಡಿಯಿಂದ ಒಬ್ಬರು ತಂದೆಯನ್ನು ಕರೆದುಕೊಂಡು ಬಂದಿದ್ದರು, ಯಜಮಾನರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನದಲ್ಲಿರಲಿಲ್ಲ. ಮಗ ಆರಿಸಿದ್ದು ಮೇಲಿನ ಮಾಡೆಲ್ಲು. "ಒಂದ್ಸಲ ಎಡಗೈಲಿ ಹಿಡಿದು ನೋಡಿ ಯಜಮಾನ್ರೇ" ಎಂದೆ. ಆ ಶೇವರಿನ ಸ್ವಿಚ್ಚನ್ನು ಲಾಕ್ ತೆಗೆಯಲು ಮೂರು ಸೆಕೆಂಡು ಅದುಮಿ ಹಿಡಿಯಬೇಕಿತ್ತು, ಅವರ ಹೆಬ್ಬೆರಳು ಅಷ್ಟು ಹೊತ್ತು ನಿಲ್ಲಲಿಲ್ಲ. ಅದೇ ಹೆಡ್ ಕೂರುವ ಕೆಳಗಿನ ಮಾಡೆಲ್ಲು ಕೊಟ್ಟೆ. ಹಗುರವಾಗಿತ್ತು, ಹಿಡಿಯುವ ಜಾಗದಲ್ಲಿ ರಬ್ಬರ್ ಇತ್ತು, ಸ್ವಿಚ್ಚು ಒಂದೇ ಒತ್ತಿಗೆ ಆನ್ ಆಗುತ್ತಿತ್ತು. ಅವರು ಅಲ್ಲೇ ಆನ್ ಮಾಡಿ, ಆಫ್ ಮಾಡಿ, ಇನ್ನೊಮ್ಮೆ ಆನ್ ಮಾಡಿ ನೋಡಿ "ಇದೇ ಇರಲಿ" ಎಂದರು. ಬಿಲ್ಲಿನ ಹಿಂದೆ ಹೆಡ್ ನಂಬರ್ ಬರೆದು ಮಗನ ಕೈಗೆ ಕೊಟ್ಟೆ.