ಹರಿಕೇನ್ ನಕ್ಷೆಯ ‘ಕೋನ್’: ಅದರೊಳಗೆ ಏನಿದೆ, ಏನಿಲ್ಲ

“ದ್ವೀಪ ಕೋನ್‌ನಿಂದ ಹೊರಗೆ ಬಂತು, ಇನ್ನು ಭಯವಿಲ್ಲ.” ಕೆರಿಬಿಯನ್ ಕಡೆ ಹರಿಕೇನ್, ಅಂದರೆ ಅಲ್ಲಿನ ಪ್ರಬಲ ಚಂಡಮಾರುತ, ಎದ್ದಾಗಲೆಲ್ಲ ಈ ಮಾತು ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಅದರ ಹಿಂದೆಯೇ ಇನ್ನೊಂದು: “ಕೋನ್ ಅಗಲವಾಗಿದೆ, ಚಂಡಮಾರುತ ದೊಡ್ಡದಾಗುತ್ತಿದೆ.” ಎರಡೂ ತಪ್ಪು. ಮೊದಲನೆಯದಂತೂ ಜೀವಕ್ಕೇ ಎರವಾಗುವ ತಪ್ಪು.

ಮುನ್ಸೂಚನೆಯ ನಕ್ಷೆಯಲ್ಲಿ ಚಂಡಮಾರುತದ ಮುಂದೆ ಅಗಲವಾಗುತ್ತಾ ಹೋಗುವ ಶಂಕುವಿನಂಥ ಆಕಾರವೇ ಕೋನ್. ಅದು ಹೇಳುವುದು ಒಂದೇ ವಿಷಯ. ಚಂಡಮಾರುತದ ಕೇಂದ್ರ, ಅಂದರೆ ನಟ್ಟನಡುವಿನ ಬಿಂದು, ಮುಂದಿನ ಐದು ದಿನ ಎಲ್ಲಿರಬಹುದು ಅನ್ನುವುದು. ಗಾಳಿ ಎಷ್ಟು ದೂರ ಬೀಸುತ್ತದೆ, ಮಳೆ ಎಷ್ಟು ಸುರಿಯುತ್ತದೆ, ಸಮುದ್ರ ಎಷ್ಟು ಉಕ್ಕುತ್ತದೆ, ಯಾವುದೂ ಅದರಲ್ಲಿ ಇಲ್ಲ.

ಅದನ್ನು ಕಟ್ಟುವ ರೀತಿ ತಿಳಿದರೆ ಗೊಂದಲ ಅರ್ಧ ಹೋಗುತ್ತದೆ. ಮಿಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ ಕಳೆದ ಐದು ವರ್ಷಗಳ ತನ್ನ ಮುನ್ಸೂಚನೆಗಳನ್ನು ತೆಗೆದು ನೋಡುತ್ತದೆ. ತಾನು ಹೇಳಿದ ಜಾಗಕ್ಕೂ ಚಂಡಮಾರುತದ ಕೇಂದ್ರ ನಿಜವಾಗಿ ಹೋದ ಜಾಗಕ್ಕೂ ಎಷ್ಟು ಅಂತರ ಇತ್ತು? ಮೂರರಲ್ಲಿ ಎರಡು ಸಲ ಆ ಅಂತರ ಎಷ್ಟರೊಳಗೆ ಇತ್ತೋ, ಅಷ್ಟು ತ್ರಿಜ್ಯದ ವೃತ್ತ ಎಳೆಯುತ್ತಾರೆ. 24 ಗಂಟೆ ಮುಂದಿನ ಮುನ್ಸೂಚನೆಗೆ ತ್ರಿಜ್ಯ ಸುಮಾರು 70 ಕಿ.ಮೀ., 120 ಗಂಟೆಗೆ ಹತ್ತಿರ ಹತ್ತಿರ 400 ಕಿ.ಮೀ. ವೃತ್ತಗಳನ್ನೆಲ್ಲ ಸೇರಿಸಿ ಹೊರಗಿನ ಗೆರೆ ಎಳೆದರೆ ಕೋನ್ ಸಿದ್ಧ. ಅಂದರೆ ಆ ಅಗಲ ಹಳೆಯ ತಪ್ಪುಗಳ ಅಳತೆ. ಅಟ್ಲಾಂಟಿಕ್‌ನಲ್ಲಿ ಒಂದು ಋತುವಿಗೆ ಲೆಕ್ಕ ಹಾಕಿಟ್ಟ ಈ ವೃತ್ತಗಳೇ ಆ ಋತುವಿನ ಎಲ್ಲ ಚಂಡಮಾರುತಕ್ಕೂ ಬಳಕೆಯಾಗುತ್ತವೆ. ಕಂಪ್ಯೂಟರ್ ಮಾಡೆಲ್‌ಗಳು ಒಂದೇ ದಾರಿ ತೋರಿಸಲಿ, ಹತ್ತು ದಿಕ್ಕಿಗೆ ಚದುರಲಿ, ವೃತ್ತದ ಅಳತೆ ಬದಲಾಗುವುದಿಲ್ಲ. ಹಾಗಿರುವಾಗ ಅಗಲ ನೋಡಿ ಚಂಡಮಾರುತದ ಗಾತ್ರ ಅಳೆಯುವುದು ಹೇಗೆ?

ಇನ್ನೊಂದು ಲೆಕ್ಕ ಎಲ್ಲರೂ ಮರೆಯುತ್ತಾರೆ. ಮೂರರಲ್ಲಿ ಎರಡು ಸಲ ಒಳಗೆ ಅಂದರೆ ಮೂರರಲ್ಲಿ ಒಂದು ಸಲ ಕೇಂದ್ರವೇ ಆಚೆ ಹೋಗುತ್ತದೆ, ಅಲ್ವಾ? ಅದು ಅಪರೂಪವೇನೂ ಅಲ್ಲ.

ಕೇಂದ್ರ ದೂರವಿದ್ದರೆ ಸಾಕು ಅನ್ನುವವರು 2015ರ ಎರಿಕಾ ಚಂಡಮಾರುತವನ್ನು ನೋಡಬೇಕು. ಅದು ಹರಿಕೇನ್ ಮಟ್ಟಕ್ಕೂ ಏರಲಿಲ್ಲ. ಕೇಂದ್ರ ಡೊಮಿನಿಕಾ ದ್ವೀಪದ ಉತ್ತರಕ್ಕೆ ಹಾದುಹೋಯಿತು. ಆದರೆ ಮಳೆ ಡೊಮಿನಿಕಾದ ಬೆಟ್ಟಗಳ ಮೇಲೆ ಸುರಿಯಿತು. ನದಿಗಳು ಉಕ್ಕಿದವು, ಗುಡ್ಡಗಳು ಜರಿದವು, ಸುಮಾರು 30 ಮಂದಿ ಸತ್ತರು. ಪೆಟಿಟ್ ಸವಾನ್ ಎಂಬ ಹಳ್ಳಿಯವರು ಊರನ್ನೇ ಬಿಟ್ಟು ಬೇರೆ ಕಡೆ ನೆಲೆಸಬೇಕಾಯಿತು.

ತೀವ್ರತೆಯ ಕಥೆ ಇನ್ನೂ ಕಷ್ಟದ್ದು. ದಾರಿಯ ಮುನ್ಸೂಚನೆ ದಶಕದಿಂದ ದಶಕಕ್ಕೆ ಬಹಳ ಸುಧಾರಿಸಿದೆ. ಬಲದ ಮುನ್ಸೂಚನೆ ಅದರ ಹಿಂದೆ ಕುಂಟುತ್ತಾ ಬಂದಿದೆ. ದಾರಿಯನ್ನು ತೀರ್ಮಾನಿಸುವುದು ಬಹುಪಾಲು ಸುತ್ತಲಿನ ದೊಡ್ಡ ಗಾಳಿಗಳು. ಬಲ ಏರುವುದು ಇಳಿಯುವುದು ಚಂಡಮಾರುತದ ‘ಕಣ್ಣು’, ಅಂದರೆ ನಡುವಿನ ಶಾಂತ ಭಾಗ, ಅದರ ಸುತ್ತಲಿನ ಮೋಡದ ಗೋಡೆಯಲ್ಲಿ, ಕೆಲವೇ ಕಿ.ಮೀ. ಅಂತರದಲ್ಲಿ ನಡೆಯುವ ಬದಲಾವಣೆಗಳ ಮೇಲೂ ನಿಂತಿದೆ. 2017ರ ಸೆಪ್ಟೆಂಬರ್ 18ರ ಬೆಳಗಿನ ಜಾವ ಮರಿಯಾ ಚಂಡಮಾರುತ ಇನ್ನೂ ಕೆಟಗರಿ 1, ಅಂದರೆ ಹರಿಕೇನ್‌ಗಳ ಬಲ ಅಳೆಯುವ ಐದು ಮೆಟ್ಟಿಲುಗಳಲ್ಲಿ ಅತಿ ಕೆಳಗಿನದು. ಅದೇ ರಾತ್ರಿ ಡೊಮಿನಿಕಾಕ್ಕೆ ಅಪ್ಪಳಿಸಿದಾಗ ಕೆಟಗರಿ 5, ಗಾಳಿಯ ವೇಗ ಗಂಟೆಗೆ ಸುಮಾರು 265 ಕಿ.ಮೀ. ಒಂದೇ ಹಗಲಿನಲ್ಲಿ ಇಷ್ಟು! ಬೆಳಗಿನ ಕೆಟಗರಿ ನೋಡಿಕೊಂಡು ಸುಮ್ನೆ ಕೂತವರಿಗೆ ಸಂಜೆ ತಯಾರಾಗಲು ಸಮಯವೇ ಇರುವುದಿಲ್ಲ.

ದ್ವೀಪಗಳ ಹತ್ತಿರ ದಾರಿ ಮತ್ತು ಬಲ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೈಟಿ ಮತ್ತು ಡೊಮಿನಿಕನ್ ರಿಪಬ್ಲಿಕ್ ಇರುವ ಹಿಸ್ಪಾನಿಯೋಲಾ ದ್ವೀಪದ ಬೆಟ್ಟಗಳು 3,000 ಮೀಟರ್ ದಾಟುತ್ತವೆ. ಅದರ ಮೇಲೆ ಹಾದರೆ ಚಂಡಮಾರುತ ಹರಿದು ಚಿಂದಿಯಾಗಬಹುದು. ಸ್ವಲ್ಪ ಪಕ್ಕಕ್ಕೆ ಜರುಗಿ ಬೆಚ್ಚಗಿನ ನೀರಿನ ಮೇಲೇ ಉಳಿದರೆ ಬೆಳೆಯುತ್ತಲೇ ಹೋಗಬಹುದು. 2019ರ ಡೋರಿಯನ್ ಚಂಡಮಾರುತ ಹಿಸ್ಪಾನಿಯೋಲಾದ ಕಡೆಗೆ ಹೋಗಿ ದುರ್ಬಲವಾಗುತ್ತದೆ ಎಂಬುದು ಮೊದಲಿನ ಅಂದಾಜು. ದಾರಿ ಪೂರ್ವಕ್ಕೆ ಸರಿಯಿತು. ಆಗಸ್ಟ್ 28ರಂದು ಸೇಂಟ್ ಥಾಮಸ್ ದ್ವೀಪದ ಹತ್ತಿರ ಅದು ಹರಿಕೇನ್ ಆಯಿತು. ಸೆಪ್ಟೆಂಬರ್ 1ರಂದು ಬಹಾಮಾಸ್‌ನ ಅಬಾಕೋ ಮೇಲೆ ಗಂಟೆಗೆ ಸುಮಾರು 295 ಕಿ.ಮೀ. ವೇಗದ ಗಾಳಿಯೊಂದಿಗೆ ಎರಗಿತು. ಆಮೇಲೆ ಗ್ರ್ಯಾಂಡ್ ಬಹಾಮಾ ಮೇಲೆ ಒಂದು ದಿನಕ್ಕಿಂತ ಜಾಸ್ತಿ ಅಲ್ಲಾಡದೆ ನಿಂತುಬಿಟ್ಟಿತು. ಸಣ್ಣ ದ್ವೀಪಗಳು ಹಿಸ್ಪಾನಿಯೋಲಾದಷ್ಟು ಅಡ್ಡಿಯನ್ನೇ ಒಡ್ಡುವುದಿಲ್ಲ. ಡೊಮಿನಿಕಾ ದಾಟುವಾಗ ತುಸು ಕುಗ್ಗಿದ ಮರಿಯಾ ನೀರಿಗೆ ಇಳಿದ ಮೇಲೆ ಮತ್ತೆ ಕೆಟಗರಿ 5ಕ್ಕೆ ಏರಿತು.

ಹಾಗಾದರೆ ದ್ವೀಪದವರು ಏನನ್ನು ನೋಡಬೇಕು? ಕೋನ್ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಬಿರುಗಾಳಿ ಯಾವ ಹೊತ್ತಿಗೆ ಮುಟ್ಟಬಹುದು ಎಂಬ ನಕ್ಷೆ ಬೇರೆ ಇದೆ. ಮಳೆಯದು ಬೇರೆ. ‘ವಾಚ್’ ಅಂದರೆ ಅಪಾಯ ಬರುವ ಸಾಧ್ಯತೆ ಇದೆ ಎಂದರ್ಥ. ಬಿರುಗಾಳಿ ಶುರುವಾಗುವ ಸುಮಾರು 48 ಗಂಟೆ ಮೊದಲು ಅದನ್ನು ಹೊರಡಿಸುತ್ತಾರೆ. ‘ವಾರ್ನಿಂಗ್’ ಅಂದರೆ ಅಪಾಯ ಬರುತ್ತದೆ ಎಂದೇ ನಿರೀಕ್ಷೆ. ಅದು ಸುಮಾರು 36 ಗಂಟೆ ಮೊದಲು ಬರುತ್ತದೆ. ಕಿಟಕಿಗೆ ಹಲಗೆ ಹೊಡೆಯುವ ಕೆಲಸ ಅಷ್ಟರಲ್ಲಿ ಮುಗಿದಿರಬೇಕು, ಯಾಕೆಂದರೆ ಗಾಳಿ ಶುರುವಾದ ಮೇಲೆ ಹೊರಗೆ ನಿಂತು ಆ ಕೆಲಸ ಮಾಡಲು ಆಗುವುದಿಲ್ಲ.