ಮೊದಲು ಆತ್ಮವಿಶ್ವಾಸವೋ, ಮೊದಲು ಅಭ್ಯಾಸವೋ?

ಪ್ರಶ್ನೆ: ಬೆಳಿಗ್ಗೆ ಬೇಗ ಏಳಬೇಕು, ದಿನಕ್ಕೆ ಒಂದು ಗಂಟೆ ಓದಬೇಕು, ಕೆಲಸದ ಸಭೆಗಳಲ್ಲಿ ಅಳುಕಿಲ್ಲದೆ ಮಾತನಾಡಬೇಕು ಎಂದು ಎಷ್ಟೋ ಸಲ ನಿರ್ಧರಿಸಿದ್ದೇನೆ. ಹತ್ತು ದಿನ ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಈಗ ಹೊಸದೇನನ್ನಾದರೂ ಆರಂಭಿಸಲು ಹೊರಟರೆ ನನ್ನ ಮೇಲೆ ನನಗೇ ನಂಬಿಕೆ ಬರುವುದಿಲ್ಲ. ಮೊದಲು ಆತ್ಮವಿಶ್ವಾಸ ಬೆಳೆಸಿಕೊಂಡು ಆಮೇಲೆ ಅಭ್ಯಾಸಕ್ಕೆ ಕೈಹಾಕಬೇಕೇ?

ಉತ್ತರ: ಬೇರೊಬ್ಬರು ಹತ್ತು ಸಲ ಮಾತು ಕೊಟ್ಟು ಹತ್ತು ಸಲವೂ ತಪ್ಪಿದರೆ ಹನ್ನೊಂದನೆಯ ಸಲ ನಾವು ಅವರನ್ನು ನಂಬುವುದಿಲ್ಲ. ತನಗೆ ತಾನೇ ಕೊಟ್ಟುಕೊಂಡ ಮಾತಿನ ವಿಷಯದಲ್ಲಿಯೂ ಮನಸ್ಸು ಇದೇ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ನಿಮಗೆ ನಿಮ್ಮ ಮೇಲೆ ನಂಬಿಕೆ ಹೋಗಿರುವುದು ಸ್ವಭಾವದ ದೋಷದಿಂದಲ್ಲ. ಉಳಿಸಿಕೊಳ್ಳಲಾಗದಷ್ಟು ದೊಡ್ಡ ಮಾತುಗಳನ್ನು ಪದೇಪದೇ ಕೊಟ್ಟುಕೊಂಡದ್ದರಿಂದ. ಆದ್ದರಿಂದ ಅಭ್ಯಾಸವೇ ಮೊದಲು, ಮತ್ತು ಅದು ತಪ್ಪಿಸಲು ನೆಪವೇ ಸಿಗದಷ್ಟು ಚಿಕ್ಕದಾಗಿರಬೇಕು.

ಈ ವಿಷಯದಲ್ಲಿ ಬಹಳ ಆಳವಾಗಿ ಕೆಲಸ ಮಾಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ. ಹಾವೆಂದರೆ ನಡುಗುವ ಜನರನ್ನು ಅವರ ತಂಡ ಹಂತಹಂತವಾಗಿ ಹಾವಿನ ಹತ್ತಿರ ಕರೆದೊಯ್ಯುತ್ತಿತ್ತು. ಮೊದಲು ಬೇರೊಬ್ಬರು ಹಾವನ್ನು ಹಿಡಿಯುವುದನ್ನು ದೂರದಿಂದ ನೋಡುವುದು, ನಂತರ ಹತ್ತಿರ ಬಂದು ನಿಲ್ಲುವುದು, ಕೈಗವಸು ಹಾಕಿಕೊಂಡು ಮುಟ್ಟುವುದು, ಕೊನೆಗೆ ಬರಿಗೈಯಲ್ಲಿ ಹಿಡಿಯುವುದು. ಹಾವಿನ ಭಯ ಕಳೆದವರಲ್ಲಿ ಅನೇಕರು, ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಕೆಲಸಗಳಲ್ಲಿಯೂ ತಮಗೆ ಧೈರ್ಯ ಬಂದಿದೆ ಎಂದು ಹೇಳತೊಡಗಿದಾಗ ಬಂಡೂರ ಅವರ ಚಿಂತನೆ ಹೊಸ ದಿಕ್ಕು ಹಿಡಿಯಿತು. 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು, ‘ಇದನ್ನು ನಾನು ಮಾಡಬಲ್ಲೆ’ ಎಂಬ ನಂಬಿಕೆ ನಾಲ್ಕು ಮೂಲಗಳಿಂದ ಹುಟ್ಟುತ್ತದೆ ಎಂದು ವಿವರಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡಿದ್ದನ್ನು ಕಂಡದ್ದು, ಇತರರು ಹೇಳುವ ಧೈರ್ಯದ ಮಾತು, ಮತ್ತು ಆ ಕ್ಷಣದಲ್ಲಿ ನಮ್ಮ ದೇಹ ಹಾಗೂ ಮನಸ್ಸು ಇರುವ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ಸ್ಫೂರ್ತಿಯ ಭಾಷಣ ಕೇಳಿದ ಸಂಜೆ ಉಕ್ಕಿದ ಉತ್ಸಾಹ ಮರುದಿನ ಮಧ್ಯಾಹ್ನದ ಹೊತ್ತಿಗೆ ಇಳಿದುಹೋಗುವುದಕ್ಕೂ ಕಾರಣ ಇದೇ: ಆ ಉತ್ಸಾಹದ ಬೆನ್ನಿಗೆ ನಾವು ಮಾಡಿ ತೋರಿಸಿದ ಕೆಲಸ ಯಾವುದೂ ಇರುವುದಿಲ್ಲ.

ಕನ್ನಡಿಯ ಮುಂದೆ ನಿಂತು ‘ನಾನು ಸಮರ್ಥ, ನಾನು ಗೆಲ್ಲುತ್ತೇನೆ’ ಎಂದು ದಿನವೂ ಹೇಳಿಕೊಳ್ಳಿ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಕೆನಡಾದ ಮನಶ್ಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರು ಇಂಥ ಹೊಗಳಿಕೆಯ ವಾಕ್ಯವನ್ನು ತಮಗೆ ತಾವೇ ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿದ್ದು ಕಂಡುಬಂತು. ಒಳಗಿನ ಮನಸ್ಸು ಆ ಮಾತಿಗೆ ಒಪ್ಪದೆ ಎದುರುತ್ತರ ಕೊಡುತ್ತದೆ. ಇದನ್ನು ನಿಮಗೆ ನಾನು ಸೂಚಿಸುವುದಿಲ್ಲ.

ಈಗ ನಿಮ್ಮ ‘ಹತ್ತು ದಿನ’ಕ್ಕೆ ಬರೋಣ. ಯಾವುದೇ ಅಭ್ಯಾಸ 21 ದಿನಗಳಲ್ಲಿ ಅಂಟಿಕೊಳ್ಳುತ್ತದೆ ಎಂಬ ಮಾತು ಎಲ್ಲೆಡೆ ಹರಡಿದೆ. ಅದರ ಮೂಲವನ್ನು ಸಾಮಾನ್ಯವಾಗಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಮಾತಿನಲ್ಲಿ ಗುರುತಿಸಲಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನವಾದರೂ ಬೇಕು ಎಂದು ಅವರು ಗಮನಿಸಿದ್ದರು. ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ಹೋಗುವಾಗ ಕಳಚಿಬಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿದಾಗ, ಹೊಸ ಕೆಲಸವೊಂದು ಯೋಚಿಸದೆಯೇ ನಡೆಯುವಷ್ಟು ರೂಢಿಯಾಗಲು ಬೇಕಾದ ಅವಧಿಯ ನಡುವಿನ ಅಂಕಿ 66 ದಿನ ಎಂದು ಸಿಕ್ಕಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು; 12 ವಾರಗಳನ್ನು ಮೀರಿದ ಅಂಕಿಗಳು ಅದುವರೆಗಿನ ಪ್ರಗತಿಯಿಂದ ಲೆಕ್ಕಹಾಕಿದ ಅಂದಾಜುಗಳು. ಹತ್ತನೆಯ ದಿನ ನಿಮಗೆ ಕಷ್ಟವೆನಿಸಿದ್ದು ನೀವು ಆರಂಭಶೂರರು ಎಂಬುದಕ್ಕೆ ಸಾಕ್ಷಿಯಲ್ಲ. ಹತ್ತನೆಯ ದಿನ ಬಹುಪಾಲು ಎಲ್ಲರಿಗೂ ಕಷ್ಟವೇ.

ಚಿಕ್ಕದು ಎಂದರೆ ಎಷ್ಟು ಚಿಕ್ಕದು? ಒಂದು ಗಂಟೆಯ ಓದನ್ನು ಸದ್ಯಕ್ಕೆ ಎರಡು ಪುಟಕ್ಕೆ ಇಳಿಸಿ, ಅದನ್ನು ಈಗಾಗಲೇ ದಿನವೂ ತಪ್ಪದೆ ಮಾಡುತ್ತಿರುವ ಒಂದು ಕೆಲಸದ ಬೆನ್ನಿಗೆ ಕಟ್ಟಿ. ರಾತ್ರಿ ಹಲ್ಲುಜ್ಜಿ ಬ್ರಷ್ಷನ್ನು ಅದರ ಜಾಗದಲ್ಲಿಟ್ಟ ಕೂಡಲೇ ದಿಂಬಿನ ಮೇಲೆ ಮೊದಲೇ ತೆರೆದಿಟ್ಟ ಪುಸ್ತಕವನ್ನು ಕೈಗೆತ್ತಿಕೊಳ್ಳುವುದು, ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿರುವುದು, ಎರಡು ಪುಟ ಮುಗಿದ ಮೇಲೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆಯುವುದು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆಯ ತಿರುಳೂ ಇದೇ ಆಗಿದೆ: ‘ಓದುತ್ತೇನೆ’ ಎಂಬ ಬರಿಯ ಸಂಕಲ್ಪಕ್ಕಿಂತ ‘ಇಂಥದ್ದು ಆದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಹೊತ್ತು ಮತ್ತು ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡವರು ತಮ್ಮ ಮಾತನ್ನು ಹೆಚ್ಚು ಉಳಿಸಿಕೊಳ್ಳುತ್ತಾರೆ. ಎರಡು ಪುಟದ ಮೇಲೆ ಓದಬೇಕೆನಿಸಿದರೆ ಓದಿ, ಆದರೆ ಅದನ್ನು ಮರುದಿನದ ಸಾಲವನ್ನಾಗಿ ಮಾಡಿಕೊಳ್ಳಬೇಡಿ. ಅಂಚಿನಲ್ಲಿ ಸಾಲಾಗಿ ನಿಂತ ಆ ದಿನಾಂಕಗಳನ್ನು ನಾನೂ ವರ್ಷಗಳಿಂದ ಬರೆಯುತ್ತಾ ಬಂದಿದ್ದೇನೆ. ಮನಸ್ಸು ಕುಗ್ಗಿದ ದಿನ ಹಿಂದಿನ ಪುಟಗಳನ್ನು ತಿರುವಿದರೆ ಸಿಗುವ ಸಮಾಧಾನ ಯಾರ ಹೊಗಳಿಕೆಯಿಂದಲೂ ನನಗೆ ಸಿಕ್ಕಿಲ್ಲ.

ತಪ್ಪಿದ ದಿನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಅಭ್ಯಾಸಗಳು ಮುರಿದುಬಿದ್ದದ್ದು ಬಹುಶಃ ಅಲ್ಲಿಯೇ. ಲ್ಯಾಲಿಯವರ ಅಧ್ಯಯನದಲ್ಲಿ ಒಂದು ಸಲ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವ ಕ್ರಿಯೆಗೆ ಹೇಳಿಕೊಳ್ಳುವಂಥ ಧಕ್ಕೆ ಆಗಿರಲಿಲ್ಲ. ಧಕ್ಕೆಯಾಗುವುದು ತಪ್ಪಿದ ರಾತ್ರಿ ನಾವು ನಮ್ಮನ್ನು ಬೈದುಕೊಳ್ಳುವ ರೀತಿಯಿಂದ. ‘ನನ್ನ ಹಣೆಬರಹವೇ ಇಷ್ಟು’ ಎಂದುಕೊಂಡವನಿಗೆ ಮರುದಿನ ಪುಸ್ತಕ ಕಂಡರೆ ಅವಮಾನದ ನೆನಪಾಗುತ್ತದೆ, ಅವನು ಅದನ್ನು ಮುಟ್ಟದೆ ದೂರವಿರಿಸುತ್ತಾನೆ. ವಿದ್ಯಾರ್ಥಿಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಯ ಸಿದ್ಧತೆಯನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂದಿತ್ತು. ತಪ್ಪಿದ ಮರುದಿನ ಬಾಕಿಯನ್ನು ಸೇರಿಸಿ ನಾಲ್ಕು ಪುಟ ಓದಲು ಹೋಗಬೇಡಿ. ಎಂದಿನಂತೆ ಎರಡೇ ಪುಟ ಓದಿ ದಿನಾಂಕ ಬರೆಯಿರಿ.

ಬೇಗ ಏಳುವ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ: ಮಲಗುವ ಹೊತ್ತನ್ನು ಹದಿನೈದು ನಿಮಿಷ ಹಿಂದಕ್ಕೆ ಸರಿಸದೆ ಏಳುವ ಹೊತ್ತನ್ನು ಸರಿಸಿದರೆ ಅದು ನಿಲ್ಲುವುದಿಲ್ಲ. ಮೂರನ್ನೂ ಒಟ್ಟಿಗೆ ಆರಂಭಿಸಲೂಬೇಡಿ. ಓದು ನೆಲೆಗೊಳ್ಳುವವರೆಗೆ ಇದು ಕಾಯಲಿ.

ಸಭೆಯಲ್ಲಿ ಮಾತನಾಡುವುದಕ್ಕೂ ಇದೇ ಅಳತೆಯನ್ನು ಹಿಡಿಯಿರಿ. ಗಂಟಲು ಒಣಗುವುದು, ಎದೆ ಹೊಡೆದುಕೊಳ್ಳುವುದು ಅಸಾಮರ್ಥ್ಯದ ಲಕ್ಷಣಗಳಲ್ಲ. ಮುಖ್ಯವೆನಿಸಿದ ಕೆಲಸಕ್ಕೆ ದೇಹ ಸಜ್ಜಾಗುವ ರೀತಿ ಅದು, ಚೆನ್ನಾಗಿ ಮಾತನಾಡುವವರಲ್ಲಿಯೂ ಇರುತ್ತದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವನೆಯೂ ಬಹುಮಟ್ಟಿಗೆ ತಪ್ಪು ಅಂದಾಜು. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಕೋಣೆಗೆ ಹೋದ ವಿದ್ಯಾರ್ಥಿಗಳು, ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಗಮನಿಸಿರುತ್ತಾರೆ ಎಂದು ಭಾವಿಸಿದ್ದರು. ಗಮನಿಸಿದವರು ಸುಮಾರು ಕಾಲುಭಾಗ ಮಾತ್ರ. ಮೊದಲ ತಿಂಗಳು ಅಭಿಪ್ರಾಯ ಮಂಡಿಸುವ ಗೊಡವೆಗೆ ಹೋಗಬೇಡಿ. ಹಿಂದಿನ ದಿನವೇ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಪೂರ್ತಿ ವಾಕ್ಯವಾಗಿ ಬರೆದುಕೊಳ್ಳಿ, ಸಭೆಯ ಮೊದಲ ಹತ್ತು ನಿಮಿಷಗಳಲ್ಲೇ ಅದನ್ನು ಕೇಳಿಬಿಡಿ. ತಡಮಾಡಿದಷ್ಟೂ ಅಳುಕು ಬಲಿಯುತ್ತದೆ. ಧ್ವನಿ ನಡುಗಿದರೂ ಚಿಂತೆಯಿಲ್ಲ, ಚೀಟಿ ನೋಡಿಯೇ ಓದಿದರೂ ಅಡ್ಡಿಯಿಲ್ಲ. ಸಭೆ ಮುಗಿದ ಮೇಲೆ ಆ ಚೀಟಿಯ ಹಿಂಬದಿಯಲ್ಲಿ ದಿನಾಂಕ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ.

ಅಳತೆಯನ್ನು ಯಾವಾಗ ಹೆಚ್ಚಿಸಬೇಕು ಎಂಬ ಪ್ರಶ್ನೆ ಮುಂದೆ ನಿಮಗೆ ಬಂದೇ ಬರುತ್ತದೆ. ಮಾಡುವುದಕ್ಕಿಂತ ಬಿಡುವುದೇ ವಿಚಿತ್ರವೆನಿಸತೊಡಗಿದಾಗ, ಪುಸ್ತಕ ಮುಟ್ಟದೆ ಮಲಗಿದ ರಾತ್ರಿ ಏನೋ ಮರೆತಂತೆ ಕೈ ತಾನಾಗಿಯೇ ದಿಂಬಿನ ಕಡೆ ಹುಡುಕಿದಾಗ, ಎರಡು ಪುಟವನ್ನು ನಾಲ್ಕು ಮಾಡಿ.